ಎಡಕ್ಕೆ ಹೊಳೆ, ಬಲಕ್ಕೆ ಅಗಸಿ

ಹೋದ ವಾರ ಮಗಳಿಗೆ ಸೀರೆ ತರಲೆಂದು ಇಳಕಲ್ಲಿಗೆ ಹೋಗಿದ್ದೆ. ಸೀರೆ ಅಂಗಡಿಯ ಪಕ್ಕದ ಸಂದಿಯಲ್ಲಿ ನಾಟಕದ ಸಾಮಾನು ಮಾರುವವನೊಬ್ಬ ಗಿರಾಕಿಗೆ ತೋರಿಸಲೆಂದು ಅಂಗೈಯಲ್ಲಿ ಅರದಾಳಕ್ಕೆ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುತ್ತಿದ್ದ. ವೇಷ ಕಟ್ಟುವವರು ಮುಖಕ್ಕೆ ಬಳಿದುಕೊಳ್ಳುವ ಹಳದಿ ಬಣ್ಣ ಅದು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಸೆರಗು ಯಾವ ಬಣ್ಣದ್ದಿರಬೇಕೆಂದು ಮಗಳು ಹೇಳಿ ಕಳಿಸಿದ್ದು ಪೂರ್ತಿ ಮರೆತುಹೋಯಿತು. ನೆನಪಾದದ್ದು ಪಕ್ಕದ ಮನೆಯ ಕಾಕಾ...

ಕಾಕಾ ರಕ್ತಸಂಬಂಧಿಯಲ್ಲ. ಹಳೆಯ ಊರಿನ ಬೇಡರ ಓಣಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ, ಅಷ್ಟೆ. ಹೊಲದಿಂದ ಬಂದು ಕೈಕಾಲು ತೊಳೆದರೆ ಅವರು ದೊಡ್ಡಾಟದ ಮಾಸ್ತರ. ನಮ್ಮ ಓಣಿಯ ಗಂಡಸರೆಲ್ಲ ಒಂದಲ್ಲ ಒಂದು ಸಲ ಅವರ ಮುಂದೆ ಕುಣಿದು ಬೈಸಿಕೊಂಡವರೇ. ಆಟ ಮುಗಿದು ಎಷ್ಟೋ ದಿನವಾದರೂ ಕಾಕಾನ ಕಿವಿಯ ಹಿಂದೆ ಹಳದಿ ಉಳಿದಿರುತ್ತಿತ್ತು. "ಅರ್ಧಾ ರಾಜಾನ ಕೂಡ ಸಂಸಾರ ಮಾಡಾಕತ್ತೇನಿ ನೋಡವಾ" ಎಂದು ಕಾಕಿ ನನ್ನ ಮುಂದೆ ದೂರುತ್ತಿದ್ದರು. ದೂರಿನಲ್ಲಿ ಸಿಟ್ಟಿಗಿಂತ ಬಿಂಕವೇ ಹೆಚ್ಚಾಗಿತ್ತು.

ಹನುಮಪ್ಪನ ಗುಡಿಯ ಕಟ್ಟೆಯೇ ನಮ್ಮ ರಂಗ. ನೋಡುವವರ ಎಡಕ್ಕೆ ಹೊಳೆ, ಬಲಕ್ಕೆ ಅಗಸಿ, ಅಂದರೆ ಊರಿನ ಹೆಬ್ಬಾಗಿಲು. ಕಾಕಾನ ಬಾಯಲ್ಲಿ ಎಡ-ಬಲ ಎಂಬ ಮಾತೇ ಇರಲಿಲ್ಲ. "ಹೊಳಿ ಕಡಿಂದ ಬಾರಲೇ! ಅಗಸಿ ಕಡಿ ಯಾಕ ಹೊಂಟಿ, ಬೀಗರೂರಿಗೆ ಹೊಂಟಿಯೇನ?" ಎಂದು ಕೂಗುತ್ತಿದ್ದರು. ಕುಣಿಯುವವರ ಕಾಲಿಗೂ ಅದೇ ರೂಢಿಯಾಗಿತ್ತು.

ಆಮೇಲೆ ಮುಳುಗಡೆ ಬಂತು. ಅಣೆಕಟ್ಟಿನ ಹಿನ್ನೀರು ಊರಿನ ತನಕ ಏರುತ್ತದೆಂದು ನಮ್ಮನ್ನೆಲ್ಲ ಎತ್ತರದ ಪುನರ್ವಸತಿ ಕೇಂದ್ರಕ್ಕೆ ಕಳಿಸಿದರು. ಜಾಗಗಳನ್ನು ಚೀಟಿ ಎತ್ತಿ ಹಂಚಿದ್ದರಿಂದ ಒಂದೇ ಗೋಡೆಯ ನಾವು ಕೇಂದ್ರದ ಒಂದು ತುದಿಗೆ, ಕಾಕಾ ಇನ್ನೊಂದು ತುದಿಗೆ. ಓಣಿಯೇ ಇಲ್ಲದ ಮೇಲೆ ಓಣಿಯ ಆಟ ಯಾಕೆಂದು ಹುಡುಗರು ಮುಖ ತಿರುಗಿಸಿದರು. ವೇಷದ ಪೆಟ್ಟಿಗೆಯನ್ನು ಶಿರೂರಿನ ಮೇಳದವರಿಗೆ ಕೊಟ್ಟುಬಿಡೋಣ ಎಂಬ ಮಾತೂ ಬಂತು. ಕಾಕಾ ಒಂದೇ ಒಂದು ಆಟ ಕೇಳಿಕೊಂಡರು. ಅದೂ ಜನರಿಗೆ ಹಿಡಿಸದಿದ್ದರೆ ತಾನೇ ಪೆಟ್ಟಿಗೆ ಹೊತ್ತು ಶಿರೂರಿಗೆ ಹೋಗುತ್ತೇನೆಂದರು. ಆಗ ಅವರ ಮುಖ ನೋಡಲಾಗುತ್ತಿರಲಿಲ್ಲ ನನಗೆ.

ಆ ಆಟವನ್ನು ಕಾಕಾನೇ ಕಟ್ಟಿದರು. ಅದರಲ್ಲಿ ರಾಕ್ಷಸರಿಲ್ಲ. ಕಿರೀಟ ಇಟ್ಟುಕೊಂಡ ನೀರರಾಜ, ಮನೆ ಬಿಡಲೊಲ್ಲದ ಒಬ್ಬ ಗರತಿ, ಅಳತೆ ಟೇಪಿನಲ್ಲಿ ತಾನೇ ಸಿಕ್ಕಿಹಾಕಿಕೊಳ್ಳುವ ಸಾಹೇಬ... ದೊಡ್ಡಾಟವೆಂದರೆ ರಾತ್ರಿಯಿಡೀ ಆಡುವಂಥದ್ದು. ಆದರೆ ಕಾಕಾ ಕೇಳಲಿಲ್ಲ. "ನಾವು ಊರ ಬಿಟ್ಟಿದ್ದ ಹಾಡಹಗಲಿನಾಗ. ಆಟಾನೂ ಹಗಲಿನಾಗ ಆಗಲಿ" ಎಂದರು.

ತಾಲೀಮು ನಡೆದದ್ದು ಅವರ ಹೊಸ ಮನೆಯ ಇಕ್ಕಟ್ಟಾದ ಪಡಸಾಲೆಯಲ್ಲಿ, ಕೂತಲ್ಲೇ. ಎಡವಟ್ಟಾದದ್ದು ಅಲ್ಲಿಯೇ. ಕೇಂದ್ರದ ಹೊಸ ಕಟ್ಟೆಯ ಮುಖ ಹಳೆಯದಕ್ಕೆ ತಿರುವುಮುರುವು. ನಿಜವಾದ ಹೊಳೆ ಈಗ ನೋಡುವವರ ಬಲಕ್ಕೆ, ದೂರದ ಇಳಿಜಾರಿನಾಚೆ ಇತ್ತು. ಅದು ಯಾರ ತಲೆಗೂ ಹೊಳೆದಿರಲಿಲ್ಲ.

ಆಟದ ದಿನ ನೀರರಾಜನಾದ ನನ್ನ ಅಣ್ಣ ಹಳೆಯ ರೂಢಿಯಂತೆ ಎಡದಿಂದ ಅಬ್ಬರಿಸುತ್ತ ಬಂದ. ಮದ್ದಳೆಯ ಪಕ್ಕ ನಿಂತಿದ್ದ ಕಾಕಾ ಗರತಿಗೆ "ಅಗಸಿ ಕಡಿ ನಡಿ!" ಎಂದು ಕೂಗಿದರು. ಸೀರೆಯುಟ್ಟು ಗರತಿಯಾಗಿದ್ದ ಹುಡುಗ ಒಂದು ಕ್ಷಣ ಯೋಚಿಸಿ, ಬಲಕ್ಕಿದ್ದ ನಿಜವಾದ ಹೊಳೆಗೆ ಬೆನ್ನು ಹಾಕಿ, ಗಂಟು ಹೊತ್ತು ಎಡಕ್ಕೆ, ಸೀದಾ ನೀರಿನೊಳಗೇ ನಡೆದ. ಇಬ್ಬರೂ ಡಿಕ್ಕಿ ಹೊಡೆದು ಕಿರೀಟ ಉರುಳಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಕಾಕಾನನ್ನು ನೋಡಿ ನಗು ನಿಂತಿತು.

ಕಾಕಾ ಮದ್ದಳೆ ನಿಲ್ಲಿಸಿ ಮುಂದೆ ಬಂದರು. "ಅವನ್ದೇನೂ ತಪ್ಪಿಲ್ಲ. ನೀವ ಹೇಳ್ರಿ, ನಮ್ಮ ಹೊಳಿ ಎಲ್ಲೈತಿ?" ಎಂದು ಕೇಳಿದರು. ಕೈಗಳೇನೋ ಎದ್ದವು, ಆದರೆ ಒಂದು ಆ ಕಡೆ, ಒಂದು ಈ ಕಡೆ. ನಗು ಅಡಗಿತು. ಕಾಕಾ ಎರಡೂ ಕೈ ಚಾಚಿ ತೋರಿಸುತ್ತ, "ಇವತ್ತಿನಿಂದ ನಿಮ್ಮ ಎಡಕ್ಕ ಹೊಳಿ, ಬಲಕ್ಕ ಅಗಸಿ. ಇದು ಹನುಮಪ್ಪನ ಕಟ್ಟಿ" ಎಂದರು.

"ಹಂಗಾರ ನಮ್ಮ ಮನಿ ಎಲ್ಲಿ ಬಂತೋ ಮಾಸ್ತರ?" ಎಂದು ಮುದುಕಿಯೊಬ್ಬಳು ಕೇಳಿದಳು. ಕಾಕಾ ಕೈ ಮಾಡಿ ತೋರಿಸಿದರು. ಅವಳು ಚಾಪೆ ಎತ್ತಿಕೊಂಡು ಅಲ್ಲಿ ಹೋಗಿ ಕೂತಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ನಮ್ಮ ಗಿರಣಿ ಎಲ್ಲಿ, ಬಾವಿ ಎಲ್ಲಿ ಎಂದು ತಮ್ಮತಮ್ಮಲ್ಲೇ ಜಗಳಾಡುತ್ತ ಬಯಲಿನ ತುಂಬ ಹಳೆಯ ಓಣಿಗಳಾಗಿ ಕೂತರು. ನಾನು ಹೋಗಿ ಕಾಕಿಯ ಪಕ್ಕ ಕೂತೆ. ಅವರು ನನ್ನ ಕೈ ಬಿಡಲೇ ಇಲ್ಲ.

ಅಣ್ಣ ಮತ್ತೆ ಎಡದಿಂದ ಬಂದ. ಹೊಳೆ ದಂಡೆಯ ಓಣಿಯವರು ಮೊದಲು ಕಾಲು ಮಡಚಿಕೊಂಡರು. ಆಮೇಲೆ ಯಾರೂ ಹೇಳದೆಯೇ ಎದ್ದು, ಮಕ್ಕಳನ್ನು ಎತ್ತಿಕೊಂಡು ಅಗಸಿಯ ಕಡೆ ನಡೆದರು. ನಮ್ಮೂರಲ್ಲಿ ನೀರು ಮೊದಲು ಹೊಕ್ಕದ್ದು ಅವರ ಮನೆಗಳಿಗೇ. ಅವರ ಹಿಂದೆ ಮುಂದಿನ ಓಣಿ, ಅದರ ಹಿಂದೆ ನಾವು. ಕೊನೆಗೆ ಮಂಗಳ ಹಾಡಲು ಎದುರಿಗೆ ಯಾರೂ ಉಳಿದಿರಲಿಲ್ಲ. ಕಾಕಾ ಖಾಲಿ ಬಯಲಿನ ಮುಂದೆಯೇ ಹಾಡಿದರು. ಪೆಟ್ಟಿಗೆ ಶಿರೂರಿಗೆ ಹೋಗಲಿಲ್ಲ.

ಕಾಕಾ ತೀರಿಕೊಂಡು ವರ್ಷಗಳಾದವು. ಇಳಕಲ್ಲಿನಿಂದ ಬಂದವಳಿಗೆ ಮನಸ್ಸು ತಡೆಯದೆ ಮೊನ್ನೆ ಕೇಂದ್ರದಲ್ಲಿ ಈಗಲೂ ವರ್ಷಕ್ಕೊಮ್ಮೆ ನಡೆಯುವ ಅದೇ ಆಟಕ್ಕೆ ಹೋದೆ. ಜನ ಈಗಲೂ ಓಣಿಯ ಪ್ರಕಾರವೇ ಕೂರುತ್ತಾರೆ. ಮದ್ದಳೆಯ ಪಕ್ಕ ನಿಂತು ಬೈಯುವವರು ಮಾತ್ರ ಇಲ್ಲ. ಆ ಬೈಗುಳವಿಲ್ಲದ ಆಟ ನನಗೆ ಸಪ್ಪೆ. ಊರಂತೂ ತಿರುಗಿ ಬರುವುದಿಲ್ಲ, ಅವರೂ ಬರುವುದಿಲ್ಲ...

ಎಡತುದಿಯಲ್ಲಿ, ಹೊಳೆ ದಂಡೆಯ ಓಣಿಯವರ ನಡುವೆ, ಪುಟ್ಟ ಹುಡುಗಿಯೊಬ್ಬಳು ಆಗಲೇ ಚಪ್ಪಲಿ ಹಾಕಿಕೊಂಡು, ನೀರಿನ ಬಾಟಲಿ ಕಂಕುಳಲ್ಲಿ ಹಿಡಿದು ತುದಿಗಾಲಲ್ಲಿ ಕೂತಿದ್ದಳು. ಕೇಂದ್ರದಲ್ಲೇ ಹುಟ್ಟಿದವಳು.

"ಹಳೇ ಊರ ನೋಡೀಯೇನವಾ?" ಎಂದು ಕೇಳಿದೆ.

"ಇಲ್ರಿ" ಎಂದಳು, ರಂಗದಿಂದ ಕಣ್ಣು ತೆಗೆಯದೆ. "ಆದ್ರ ನೀರ ಬಂದಾಗ ಮೊದ್ಲ ಏಳಾವ್ರು ನಾವ್ರಿ."