ಎರಡು ದಂಡೆಯ ಪಗಡಿ

ಶಂಕ್ರೆವ್ವ ಟ್ರಂಕು ತೆರೆದಳು. ಬಟ್ಟೆಯ ಪಗಡಿ ಹಾಸು ಇರಲಿಲ್ಲ.

"ಏನ್ರಿ, ಹಾಸು ಎಲ್ಲಿ ಹೋತು?"

ಗಂಡ ಖಂಡೆಪ್ಪ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಸಾವ್ಕಾರ್ರು ಕೇಳಿದ್ರು, ಕೊಟ್ಟೆ. ಊರ ಮರ್ಯಾದಿ ಪ್ರಶ್ನಿ ಐತಿ."

"ನಮ್ಮವ್ವ ಹೊಲಿದದ್ದನ್ನ ಕೊಡಾಕ ನೀವ್ಯಾರು?"

ಸುಣ್ಣ ಹಚ್ಚುವ ಬೆರಳು ನಿಂತಿತು.

ಅದು ಇಡೀ ಹಾಸಲ್ಲ, ಅರ್ಧ. ಶಂಕ್ರೆವ್ವ ಹುಟ್ಟಿದ್ದು ಭೀಮಾ ನದಿಯ ಆಚೆ ದಂಡೆಯಲ್ಲಿ. ಅಕ್ಕ ಕಸ್ತೂರೆವ್ವನನ್ನು ಹುಟ್ಟಿದ ಊರಿಗೇ ಕೊಟ್ಟರು, ಇವಳನ್ನು ಈಚೆ ಅಗರಖೇಡಕ್ಕೆ. ಇವಳು ಹೊರಡುವ ಮುಂಜಾನೆ ತಾಯಿ ತನ್ನ ನಾಲ್ಕು ಪಟ್ಟಿಯ ಪಗಡಿ ಹಾಸನ್ನು ನಡುವೆ ಕತ್ತರಿಸಿದಳು. ಎರಡು ಪಟ್ಟಿ ಅಕ್ಕನಿಗೆ, ಎರಡು ತಂಗಿಗೆ. ಎಲ್ಲ ಕಾಯಿಗಳೂ ಸುತ್ತಿ ಬಂದು ಹಣ್ಣಾಗುವ ನಡುಮನೆಯೂ ಎರಡು ಪಾಲಾಯಿತು. "ಆಡಬೇಕಂದ್ರ ಕೂಡಬೇಕು," ಎಂದಳು ತಾಯಿ. ಅತ್ತಿರಲಿಲ್ಲ.

ಅಂದಿನಿಂದ ಪ್ರತಿ ಶ್ರಾವಣ ಅಕ್ಕ ಹರಿಗೋಲಿನಲ್ಲಿ ದಾಟಿ ಬರುತ್ತಿದ್ದಳು. ಎರಡೂ ಅರ್ಧ ಕೂಡಿಸಿ ಹೊಲಿದು, ಆಡಿ, ಸಂಜೆ ನೂಲು ಬಿಚ್ಚಿ ತಮ್ಮ ತಮ್ಮ ಪಾಲು ಒಯ್ಯುತ್ತಿದ್ದರು. ನೋಡಲು ನಿಂತವರು ಆಡಲು ಕೂತರು. ಅಕ್ಕನ ಮರಾಠಿ ಸೊಸೆ ಮನೆ ಎಣಿಸುತ್ತಲೇ ಕನ್ನಡ ಕಲಿತಳು. ಅವಳು ಬೀಸುವಾಗ ಹಾಡುತ್ತಿದ್ದ ಮರಾಠಿ ಓವಿ ಈಚೆ ದಂಡೆಯ ಬೀಸುಕಲ್ಲಿಗೂ ಹತ್ತಿತು. ಯಾರೂ ಭಾಷಣ ಮಾಡಿರಲಿಲ್ಲ.

ಎಪ್ಪತ್ನಾಲ್ಕನೇ ಇಸವಿಯ ಶ್ರಾವಣಕ್ಕೆ ಭಾಷಣ ಬಂತು. ಕನ್ನಡ-ಮರಾಠಿ ಗಡಿಯ ಜಗಳ ಊರೂರಿಗೆ ಹಬ್ಬಿತ್ತು. ಊರಿನ ದೊಡ್ಡ ಹೊಲದೊಡೆಯ, ಸಾವ್ಕಾರ ಬಸಂತರಾಯ ಕನ್ನಡ ಸಂಘ ಕಟ್ಟಿ, ದೂರದ ಅತಿಥಿಗಳನ್ನು ಕರೆಸಿ, ಚಾವಡಿಯ ಮುಂದೆ ಪಗಡಿ ಹಾಸಿಸಿದ್ದ.

ಶಂಕ್ರೆವ್ವ ಸೆರಗು ಬಿಗಿದು ಅಲ್ಲಿಗೆ ನಡೆದಳು. ಅವಳ ಮಾಸಿದ ಎರಡು ಪಟ್ಟಿಗೆ ಇಂಡಿ ಪೇಟೆಯ ಯಾವನೋ ಸಿಂಪಿಗ ಎರಡು ಹೊಸ ಕೆಂಪು ಪಟ್ಟಿ ಹಚ್ಚಿ ಮಷೀನು ಹೊಲಿಗೆ ಓಡಿಸಿದ್ದ.

"ಬಾ ತಂಗಿ," ಎಂದ ಬಸಂತರಾಯ. "ಆಟ ಅಂದ್ರ ಬಂದೂಕಿಲ್ಲದ ಫೌಜು. ಇದನ್ನ ನೋಡಿ ಆಚೀ ದಂಡಿಯವರು ತಾವಾಗೇ ನಮ್ಮವರಾಗಬೇಕು."

"ನೋಡಾಕ ಅವರೆಲ್ಲಿ ಅದಾರ್ರಿ?"

"ಹೊಳಿ ದಂಡಿಗೇ ತಡಿಸೇನಿ. ಅವರ ಅರಿವಿ ಮ್ಯಾಲ ನಮ್ಮ ಆಟ ಅಂದ್ರ ಮಂದಿ ನಗತಾರ."

ಅವಳ ಕಿವಿ ಕಾದವು. "ಮಂದೀನ ಒಲಿಸಾಕ ಹೊಂಟವ್ರು ಮಂದೀಗೇ ಬಾಗಲಾ ಹಾಕೀರಿ! ಭಾಳ ಶ್ಯಾಣ್ಯಾ ಅದೀರಿ ಬಿಡ್ರಿ. ಅಕ್ಕನ ಮನಿಮಂದಿ ಎಂದೋ ನಮ್ಮವರಾಗಿದ್ರು, ಸಾವ್ಕಾರ್ರ. ಇವತ್ತ ನೀವು ಹೊರಗಿನವ್ರನ್ನ ಮಾಡಿದ್ರಿ."

"ದನಿ ಇಳಿಸು. ಅತಿಥಿಗಳು ಅದಾರ."

"ಅದಕ್ಕ ಏರಿಸೇನಿ! ನಡುಮನಿ ಅರ್ಧ ಅಕ್ಕನ ಕಡಿ ಐತಿ. ನನ್ನ ಕಾಯಿ ಎಲ್ಲಿ ಹಣ್ಣಾಗಬೇಕು, ನಿಮ್ಮ ಸಿಂಪಿಗನ ಅಂಗಡ್ಯಾಗೇನು?"

ಯಾರೋ ಕಿಸಕ್ಕೆಂದ. ಅವಳು ಎಲೆಯಡಿಕೆಯ ಚಂಚಿಯಿಂದ ಅಡಕೊತ್ತು ತೆಗೆದು ಕೂತಳು. ಪಿಟಪಿಟನೆ ಹೊಲಿಗೆ ಹರಿಯಿತು, ಕಾಯಿಗಳು ಉರುಳಿ ಅತಿಥಿಗಳ ಚಪ್ಪಲಿಗೆ ಬಡಿದವು. ಕೆಂಪು ಪಟ್ಟಿಗಳನ್ನು ಬಸಂತರಾಯನ ಮುಂದೆ ಎಸೆದು, ತನ್ನದನ್ನು ಹೆಗಲಿಗೆ ಹಾಕಿಕೊಂಡು ಹೊಳೆಗೆ ಇಳಿದಳು. ತಡೆಯಲು ನಿಂತಿದ್ದ ಆಳು ಅವಳ ಮುಖ ನೋಡಿ ದಾರಿ ಬಿಟ್ಟ.

ಉಸುಕಿನ ಮೇಲೆ ಕಸ್ತೂರೆವ್ವ ತನ್ನ ಅರ್ಧ ತೊಡೆಯ ಮೇಲಿಟ್ಟುಕೊಂಡು ಸೊಸೆಯೊಂದಿಗೆ ಕೂತಿದ್ದಳು. "ಕರೀಲಿಲ್ಲಲ್ಲವಾ ತಂಗಿ," ಎಂದಳು.

ಶಂಕ್ರೆವ್ವ ಪಕ್ಕದಲ್ಲಿ ಕೂತು ತನ್ನ ಪಟ್ಟಿಗಳನ್ನು ಹಾಸಿದಳು. ಅಕ್ಕ ಕೊಟ್ಟ ಸೂಜಿಗೆ ಸಿಟ್ಟಿನಲ್ಲಿ ದಾರ ಪೋಣಿಸಲು ಆಗಲಿಲ್ಲ. ಸೊಸೆ ಪೋಣಿಸಿ ಕೊಟ್ಟಳು. ನಡುಮನೆ ಕೂಡಿತು. ಆಗ ನೆನಪಾಯಿತು: ಕಾಯಿ, ದಾಳ ಚಾವಡಿಯಲ್ಲೇ ಉಳಿದಿದ್ದವು.

ದಂಡೆ ಇಳಿದು ಖಂಡೆಪ್ಪ ಬಂದ. ಚಾವಡಿಯಲ್ಲಿ ಎಲ್ಲರ ಮುಂದೆ ಬಗ್ಗಿ ಆರಿಸಿದ್ದ ಕಾಯಿ ಧೋತರದ ಉಡಿಯಲ್ಲಿದ್ದವು, ಮುಷ್ಟಿಯಲ್ಲಿ ದಾಳ. "ಏ ಇಕಿನ..." ಎಂದು ಹೆಂಡತಿಗೆ ಏನೋ ಹೇಳಲು ಬಾಯಿ ತೆರೆದ.

"ಇಟ್ಟು ಕೂಡ್ರಿ," ಎಂದಳು ಶಂಕ್ರೆವ್ವ, ತಲೆ ಎತ್ತದೆ. "ಮಾತಾಡಬ್ಯಾಡ್ರಿ. ಸಿಟ್ಟು ಇನ್ನ ಇಳದಿಲ್ಲ."

ಅವನು ಇಟ್ಟ ದಾಳವನ್ನು, ಮೊದಲು ಎಸೆಯಲೆಂದು, ಅಕ್ಕನ ಕೈಗೆ ಕೊಟ್ಟಳು.