ಒದೆ ಸರಿ, ಅಪ್ಪುಗೆ ತಪ್ಪು

ಕುವೆಂಪುನಗರದ ನಮ್ಮ ಶಾಲೆಯ ಹತ್ತನೇ ತರಗತಿಯ ಹುಡುಗರಿಗೆ ಹುಟ್ಟುಹಬ್ಬವೆಂದರೆ ಒದೆ ತಿನ್ನುವ ಹಬ್ಬ. ಕೈಕಾಲು ಹಿಡಿದು ಮೇಲೆತ್ತಿ, ಬೆನ್ನಿಗೆ, ಕುಂಡಿಗೆ ಒಬ್ಬೊಬ್ಬರೂ ಒದೆಯುತ್ತಾರೆ. ಅದಕ್ಕೆ ಬಂಪ್ಸ್ ಎಂದು ಹೆಸರು. ಒದ್ದವರೇ ಮರುಗಳಿಗೆ ಅವನ ಹೆಗಲ ಮೇಲೆ ಕೈ ಹಾಕಿಕೊಂಡು ಬೇಕರಿಗೆ ಹೊರಡುತ್ತಾರೆ. ಒದೆ ತಿಂದವನೇ ಎಲ್ಲರಿಗೂ ಪಫ್ಸ್ ಕೊಡಿಸಬೇಕು. ಕೇಳಿದರೆ, "ಫ್ರೆಂಡ್‌ಶಿಪ್ಪು ಮಿಸ್, ಬುಡಿ" ಅನ್ನುತ್ತಾರೆ. ಬೈದು ಬೈದು ನನ್ನ ಗಂಟಲು ಹೋಗಿದೆ.

ಹೋದ ವರ್ಷ ಒಬ್ಬನಿಗೆ ಒದೆ ಜಾಸ್ತಿಯೇ ಬಿತ್ತು. ಉಳಿದವರು ನಗುತ್ತಾ ಹೋದ ಮೇಲೆ ಅವನು ಸೊಂಟ ಹಿಡಿದುಕೊಂಡು ಮೆಟ್ಟಿಲ ಮೇಲೆ ಅಳುತ್ತಾ ಕೂತಿದ್ದ. ಅವನ ತರಗತಿಯ ಹುಡುಗಿಯೊಬ್ಬಳು ಬಂದು, "ಅಳ್ಬೇಡ ಕಣೋ" ಎಂದು ತಬ್ಬಿಕೊಂಡು ಬೆನ್ನು ಸವರಿದಳು. ಅವಳದು ಕ್ಯಾಥೊಲಿಕ್ ಮನೆ. ಭಾನುವಾರ ಚರ್ಚಿನ ಅಂಗಳದಲ್ಲಿ ಅವರ ನೆಂಟರೆಲ್ಲ ತಬ್ಬಿಕೊಂಡೇ ಮಾತಾಡಿಸುತ್ತಾರೆ. ನಮ್ಮ ಮನೆಯಲ್ಲೋ, ನಮ್ಮಪ್ಪ ನನ್ನನ್ನು ತಬ್ಬಿಕೊಂಡ ನೆನಪೇ ಇಲ್ಲ. ಮದುವೆಯಾಗಿ ಹೊರಟ ದಿನ ತಲೆ ಮುಟ್ಟಿದ್ದರು, ಅಷ್ಟೇ.

ಒದ್ದವರ ಮೇಲೆ ಯಾರೂ ದೂರು ಕೊಡಲಿಲ್ಲ. ತಬ್ಬಿದ್ದನ್ನು ಮಾತ್ರ ಯಾವುದೋ ಮಗುವಿನ ತಾಯಿ ಗೇಟಿನಿಂದ ನೋಡಿ ರಂಪ ಮಾಡಿದರು. ಮಾರನೇ ದಿನ ಹೆಡ್‌ಮಾಸ್ಟರು ಹುಡುಗಿಯನ್ನೂ ಅವಳ ತಾಯಿಯನ್ನೂ ನನ್ನನ್ನೂ ಕೂರಿಸಿಕೊಂಡು, ಟೀಸಿ ಕೊಟ್ಟುಬಿಡೋಣ ಎಂದರು. ಪರೀಕ್ಷೆ ಬಾಗಿಲಿಗೆ ಬಂದಿರುವಾಗ ಆ ಮಗು ಎಲ್ಲಿಗೆ ಹೋಗಬೇಕು?

ನನಗೆ ರೇಗಿತು. "ಸಾರ್, ಒದ್ದವರನ್ನ ಯಾಕೆ ಕರೆಸಿಲ್ಲ?" ಎಂದೆ.

"ಹುಡುಗ್ರು ಮೇಡಂ, ಹೊಡೆದಾಡ್ತಾರೆ, ಒಂದಾಗ್ತಾರೆ. ಇದು ಹಂಗಲ್ಲ ಕಣ್ರೀ."

"ಅವ್ನು ಅಳ್ತಿದ್ದ ಸಾರ್, ಅದಕ್ಕೇ ಹಿಡ್ಕೊಂಡೆ," ಎಂದಳು ಹುಡುಗಿ. ಅವಳಿಗೆ ತಪ್ಪೇನೆಂದೇ ತಿಳಿದಿರಲಿಲ್ಲ.

ಜಗಳವಾಡಿ, ಕೈಮುಗಿದು, ಅಂತೂ ಅವಳನ್ನು ಉಳಿಸಿಕೊಂಡೆ. ಇನ್ನು ಮುಂದೆ ಶಾಲೆಯಲ್ಲಿ ಯಾರನ್ನೂ ಮುಟ್ಟುವುದಿಲ್ಲ ಎಂದು ಅವಳ ಬಾಯಲ್ಲಿ ಹೇಳಿಸಿದ ಮೇಲೆಯೇ ಹೆಡ್‌ಮಾಸ್ಟರು ಒಪ್ಪಿದ್ದು. ಗೆದ್ದೆನೆಂಬ ಖುಷಿ ಏನೂ ಇರಲಿಲ್ಲ. ಮನೆಗೆ ಹೋಗಿ ಬಿದ್ದುಕೊಂಡರೆ ಸಾಕಪ್ಪಾ ಅನ್ನಿಸಿತ್ತು.

ಹೊರಗೆ ವರಾಂಡದಲ್ಲಿ ಅವಳ ತಾಯಿ ಕಣ್ಣು ತುಂಬಿಕೊಂಡು ಮಗಳತ್ತ ಎರಡೂ ಕೈ ಚಾಚಿದರು. ಹುಡುಗಿ ಹಿಂದೆ ಸರಿದಳು.

"ಇಲ್ಲಿ ಬೇಡ ಮಮ್ಮಿ," ಎಂದಳು. "ಬೈತಾರೆ."