ಹಿಮನದಿ ನಾದಿನಿಯಾದ ಪಾಠ

ವೈಕೆ ಟೀಚರ್ ಆ ದಿನ ಕೈ ಎತ್ತಿದ್ದು ಕಿಟಕಿ ತೆಗೆಯಿರಿ ಎಂದು ಹೇಳುವುದಕ್ಕೆ. ಶಿಕ್ಷಕರ ಸಭೆ ಮುಗಿಯುವ ಹಾಗೆ ಕಾಣುತ್ತಿರಲಿಲ್ಲ. ಹೀಟರಿನ ಬಿಸಿಗೆ ಒದ್ದೆ ಕೋಟುಗಳ ವಾಸನೆಯೆಲ್ಲ ಎದ್ದು ಕೂತಿತ್ತು. ಅಷ್ಟರಲ್ಲಿ ಮುಖ್ಯೋಪಾಧ್ಯಾಯ ಊರ್ಮಸ್, "ಪಾಠಕ್ಕೆ ಬೇಕಾದ್ದೆಲ್ಲ ಇಂಟರ್ನೆಟ್ಟಲ್ಲಿ ಪುಕ್ಕಟೆ ಬಿದ್ದಿದೆ. ಯಾರಾದ್ರೂ ಒಬ್ರು ಅದನ್ನ ಹುಡುಕಿ, ಕಲಿತು, ಉಳಿದೋರಿಗೆ ಹೇಳಿಕೊಡ್ಬೇಕು. ಯಾರಿದೀರಿ?" ಎಂದು ಕೇಳಿ ತಲೆ ಎತ್ತಿದ. ಕೋಣೆಯಲ್ಲಿ ಮೇಲಿದ್ದದ್ದು ಒಂದೇ ಕೈ.

"ವೈಕೆ ಟೀಚರ್! ನೀವಾ?"

ಅವನ ದನಿಯಲ್ಲಿ ಸಂತೋಷಕ್ಕಿಂತ ಗಾಬರಿ ಹೆಚ್ಚಿತ್ತು. ಅದೇ ಶಾಲೆಯಲ್ಲಿ, ಅವಳ ಕೈಯಲ್ಲೇ ಭೂಗೋಳ ಕಲಿತವನು ಅವನು. ಈಗಲೂ ಅವಳನ್ನು ಕಂಡರೆ ಜೇಬಿನಿಂದ ಕೈ ತೆಗೆಯುತ್ತಿದ್ದ. ಕಿಟಕಿ ಎನ್ನಲು ವೈಕೆ ಬಾಯಿ ತೆರೆದಳು. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಪೀಡೆ ತಮ್ಮ ತಲೆಯಿಂದ ಇಳಿಯಿತಲ್ಲ ಎಂಬ ಚಪ್ಪಾಳೆ. ಅಷ್ಟು ಜನರ ಮುಂದೆ ಇಲ್ಲವೆನ್ನಲು ನಾಚಿಕೆಯಾಗಿ, "ಹೂಂ, ನಾನೇ ಕಣಪ್ಪಾ" ಅಂದುಬಿಟ್ಟಳು. ಇನ್ನೆರಡು ವರ್ಷಕ್ಕೆ ನಿವೃತ್ತಿಯಾಗುವ ಹೆಂಗಸು ಶಾಲೆಯ ಡಿಜಿಟಲ್ ಗುರುವಾದದ್ದು ಹೀಗೆ. ಕಿಟಕಿಯನ್ನು ಮಾತ್ರ ಯಾರೂ ತೆಗೆಯಲಿಲ್ಲ.

ಎಸ್ಟೋನಿಯಾದ ದಕ್ಷಿಣದ ತುದಿಯಲ್ಲಿ ವೊರು ಸೀಮೆ. ಅಲ್ಲಿ ಕೆರೆಗಳ ನಡುವೆ ಸಿಕ್ಕಿಕೊಂಡ ಒಂದು ಸಣ್ಣ ಊರು ಅವಳದು. ಅಲ್ಲಿಯೇ ಹುಟ್ಟಿದಳು, ಟಾರ್ಟುವಿಗೆ ಹೋಗಿ ಓದಿ ಬಂದಳು, ಮತ್ತೆ ಅಲ್ಲೇ ನಿಂತಳು. ಗಂಡ ಅರಣ್ಯ ಇಲಾಖೆಯಲ್ಲಿದ್ದು ತೀರಿಕೊಂಡಿದ್ದ. ತನ್ನ ದಡ್ಡತನವನ್ನು ಬೇರೆಯವರು ಹೇಳುವ ಮೊದಲು ತಾನೇ ಸಾರಿಬಿಡುವುದು ಅವಳ ರೂಢಿ. ಹಾಗೆ ಮಾಡಿದರೆ ನೋವು ಕಡಿಮೆ ಎಂದು ಅವಳು ನಂಬಿದ್ದಳು. ಅನುಭವ ಅದಕ್ಕೆ ವಿರುದ್ಧವಾಗಿಯೇ ಇತ್ತು.

ಕೆಲಸಕ್ಕೆ ಕೈ ಹಾಕಿದ ಮೇಲೆ ಅವಳಿಗೆ ತನ್ನೊಳಗಿನ ಒಂದು ಹೊಸ ಗುಣ ಗೊತ್ತಾಯಿತು: ದುರಾಸೆ. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎನ್ನುವ ಹಾಗೆ ಕಂಡದ್ದನ್ನೆಲ್ಲ ಬಾಚಿಕೊಂಡಳು. ಉಪಗ್ರಹದ ಚಿತ್ರಗಳು, ಬೆರಳಲ್ಲಿ ತಿರುಗಿಸುವ ಭೂಪಟಗಳು, ರಸಪ್ರಶ್ನೆ, ಪದಬಂಧ, ಚೀಟಿ ಅಂಟಿಸುವ ಹಲಗೆ. ಪ್ರತಿಯೊಂದೂ ಪಾಸ್‌ವರ್ಡ್ ಕೇಳಿತು. ಎಲ್ಲದಕ್ಕೂ ಸತ್ತುಹೋದ ತನ್ನ ನಾಯಿಯ ಹೆಸರನ್ನೇ ಕೊಟ್ಟಳು. ಆ ನಾಯಿಯನ್ನು ಊರಲ್ಲಿ ಅರಿಯದವರಿರಲಿಲ್ಲ. ವಾರ ಕಳೆಯುವುದರಲ್ಲಿ ಏಳನೆಯ ತರಗತಿಯವರು ಅವಳ ರಸಪ್ರಶ್ನೆಯೊಳಗೆ ನುಗ್ಗಿ ಉತ್ತರಗಳನ್ನು ಅದಲುಬದಲು ಮಾಡಿದ್ದರು. ಅದು ಗೊತ್ತಿಲ್ಲದೆ ತಾನೂ ಆಡಿದ ವೈಕೆ ತನ್ನದೇ ವಿಷಯದಲ್ಲಿ ಕೊನೆಯ ಸ್ಥಾನಕ್ಕೆ ಬಂದಳು. ಚೀಟಿಯ ಹಲಗೆಯ ಮೇಲೆ 'ಜೌಗು ನೆಲದಲ್ಲಿ ಏನೇನು ಬೆಳೆಯುತ್ತದೆ?' ಎಂದು ಕೇಳಿದರೆ, ಹೆಸರಿಲ್ಲದ ಒಂದು ಚೀಟಿ 'ವೈಕೆ ಟೀಚರ್ ಸಿಟ್ಟು' ಎಂದಿತು.

"ಯಾವನ್ಲಾ ಇದನ್ನ ಬರ್ದೋನು?" ಎಂದು ಕೇಳಿದಳು.

"ಟೀಚರ್, ಹೆಸರು ಕಾಣದಂಗೆ ಇಟ್ಟಿರೋದು ನೀವೇ," ಎಂದ ಆ ತರಗತಿಯ ರಾನ್ನೊ, ಬಹಳ ವಿನಯದಿಂದ. ಬರೆದವನು ಅವನೇ ಎನ್ನಲು ಆ ವಿನಯವೇ ಸಾಕಾಗಿತ್ತು.

ಉಕ್ರೇನಿನಲ್ಲಿ ಯುದ್ಧ ಶುರುವಾದ ಆ ವರ್ಷದ ಶರತ್ಕಾಲದಲ್ಲಿ ಏಳನೆಯ ತರಗತಿಗೆ ಸೊಲೊಮಿಯಾ ಬಂದಳು. ಖಾರ್ಕಿವ್‌ನಿಂದ ಅಜ್ಜಿಯ ಜತೆ ಬಂದ ಹುಡುಗಿ. ತಾಯಿ ಆಸ್ಪತ್ರೆಯ ಕೆಲಸ ಬಿಟ್ಟು ಬರಲಾಗದೆ ಅಲ್ಲೇ ಉಳಿದಿದ್ದಳು. ಎಸ್ಟೋನಿಯನ್ ಭಾಷೆಯಲ್ಲಿ ಹುಡುಗಿಗೆ ಬರುತ್ತಿದ್ದದ್ದು 'ನಮಸ್ಕಾರ' ಮತ್ತು 'ಸಾಕು, ಥ್ಯಾಂಕ್ಸ್'. ಎರಡನೆಯದನ್ನು ಶಾಲೆಯ ಊಟದ ಮನೆಯಲ್ಲಿ ರವೆ ಗಂಜಿ ಬಡಿಸುವವರೆದುರು ಕಲಿತಿದ್ದಳು. ಕಿಟಕಿ ಪಕ್ಕ ಕೂತು, ಮುಖದಲ್ಲಿ ಏನನ್ನೂ ತೋರಿಸದೆ ದಿನ ನೂಕುತ್ತಿದ್ದಳು.

ಈಗಲಾದರೂ ತನ್ನ ಪುಕ್ಕಟೆ ಸಂಪತ್ತು ಕೆಲಸಕ್ಕೆ ಬರಲಿ ಎಂದು ವೈಕೆ ಹುಡುಕಿದಳು. ಸಿಕ್ಕಿತು. ಟೀಚರ್ ಆಡಿದ್ದನ್ನು ಕೇಳಿಸಿಕೊಂಡು, ಬರೆದುಕೊಂಡು, ಉಕ್ರೇನಿಯನ್ನಿಗೆ ತಿರುಗಿಸಿ ಆಗಿಂದಾಗ್ಗೆ ಮಗುವಿನ ಟ್ಯಾಬ್ಲೆಟ್ಟಿನಲ್ಲಿ ತೋರಿಸುವ ಯಂತ್ರ. ವೈಕೆ ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿಕೊಂಡು, ಟಿವಿಯಲ್ಲಿ ಬರುವವರ ಹಾಗೆ ಗಂಟಲು ಸರಿಮಾಡಿಕೊಂಡು ಹಿಮಯುಗದ ಪಾಠ ಶುರುಮಾಡಿದಳು.

ಮೊದಲ ದಿನವೇ ಸೊಲೊಮಿಯಾ ಟ್ಯಾಬ್ಲೆಟ್ ನೋಡುತ್ತ ಹುಬ್ಬು ಗಂಟಿಕ್ಕಿದಳು. ಎರಡನೆಯ ಪಾಠದಲ್ಲಿ ತುಟಿ ಕಚ್ಚಿದಳು. ಮೂರನೆಯದರಲ್ಲಿ ನಕ್ಕೇಬಿಟ್ಟಳು. ಆಮೇಲಿಂದ ಭೂಗೋಳ ಬಂದರೆ ಸಾಕು, ಹುಡುಗಿಯ ಮುಖ ಅರಳುತ್ತಿತ್ತು.

ವೈಕೆಯ ಕಾಲು ನೆಲಕ್ಕೆ ತಾಕದಾಯಿತು. ಶಿಕ್ಷಕರ ಕೋಣೆಯಲ್ಲಿ ಕಾಫಿ ಹೀರುತ್ತ, "ಗಣಿತದಲ್ಲಿ ನಗಲ್ವಂತೆ, ಸಂಗೀತದಲ್ಲೂ ನಗಲ್ವಂತೆ. ನನ್ ಪಾಠದಲ್ಲಿ ಮಾತ್ರ ನಗ್ತಾಳೆ. ಏನ್ಮಾಡಾಣ, ಕೆಲವ್ರಿಗೆ ಕಲಿಸೋದು ರಕ್ತದಲ್ಲೇ ಬಂದಿರ್ತದೆ," ಎಂದಳು. ಊರ್ಮಸ್ ಅದನ್ನು ಟಾರ್ಟುವಿನ ಶಿಕ್ಷಕರ ಸಮ್ಮೇಳನದವರಿಗೆ ಬರೆದು ತಿಳಿಸಿದ. ಅವರು, ವಸಂತದಲ್ಲಿ ಬಂದು ಮಾತಾಡಿ ಎಂದರು. ವೈಕೆ ಹೊಸ ರವಿಕೆ ಕೊಂಡಳು.

ಕಿರುಪರೀಕ್ಷೆ ಬಂತು. ಸೊಲೊಮಿಯಾಗೆ ಪ್ರಶ್ನೆಗಳನ್ನು ಅವಳ ಭಾಷೆಯಲ್ಲೇ ಅಚ್ಚು ಹಾಕಿಸಿ ಕೊಟ್ಟಿದ್ದಳು. ಉತ್ತರವೂ ಆ ಭಾಷೆಯಲ್ಲೇ ಬಂತು. ಮಧ್ಯಾಹ್ನ ಖಾಲಿ ತರಗತಿಯಲ್ಲಿ ಕೂತು ಅದನ್ನು ಇನ್ನೊಂದು ಪುಕ್ಕಟೆ ಯಂತ್ರಕ್ಕೆ ಉಣಿಸಿದಳು. 'ನಮ್ಮೂರ ಕೆರೆ ಹೇಗಾಯಿತು?' ಎಂಬ ಪ್ರಶ್ನೆಗೆ ಹುಡುಗಿಯ ಉತ್ತರವನ್ನು ನಮ್ಮ ಮಾತಿನಲ್ಲಿ ಹೇಳಿದರೆ ಹೀಗಿತ್ತು: 'ಹತ್ತು ಸಾವಿರ ವರ್ಷದ ಹಿಂದೆ ನಮ್ಮ ನಾದಿನಿ ಉತ್ತರದಿಂದ ಜಾರುತ್ತ ಬಂದು ಕೆರ ಕೊರೆದಳು. ಬಿಸಿಲು ಹೆಚ್ಚಾದಾಗ ಮಾವ ಕರಗಿ ನೀರಾದ. ತಲೆಯಲ್ಲಿ ಇವತ್ತಿಗೂ ಮರುಳು ಇದೆ.'

ತಿರುಗಿಸುವ ಯಂತ್ರ ಕೆಟ್ಟಿರಬೇಕೆಂದು ಬೇರೊಂದಕ್ಕೆ ಹಾಕಿದಳು. ಅಲ್ಲಿಯೂ ನಾದಿನಿಯೇ ಬಂದಳು, ಕೊರೆದದ್ದೂ ಕಾಲಿಗೆ ಹಾಕುವ ಕೆರವನ್ನೇ. ಕೊನೆಗೆ ಅನುಮಾನದಿಂದ ಮೈಕು ಸಿಕ್ಕಿಸಿಕೊಂಡು, ಟ್ಯಾಬ್ಲೆಟ್ಟನ್ನು ತನ್ನೆದುರೇ ಇಟ್ಟುಕೊಂಡು, ತರಗತಿಯಲ್ಲಿ ಹೇಳುವ ಹಾಗೆಯೇ ಹೇಳಿದಳು: "ಇಮ್ನದಿ ಬಂದು ಕೆರೆ ಕೊರೀತು. ಇಮ ಕರ್ಗಿ ನೀರಾಯ್ತು. ತಳದಾಗೆ ಮರಳು ಐತೆ."

ಯಂತ್ರ ಕೇಳಿಸಿಕೊಂಡದ್ದನ್ನು ಮೊದಲು ಎಸ್ಟೋನಿಯನ್ನಿನಲ್ಲೇ ಬರೆದುಕೊಳ್ಳುವ ಸಾಲಿನಲ್ಲಿ, ಪರದೆಯ ಮೇಲೆ, ನಾದಿನಿ ಜಾರಿಕೊಂಡು ಬಂದಳು. ಹಿಂದೆಯೇ ಮಾವ.

ಯಂತ್ರ ಕಲಿತಿದ್ದದ್ದು ರಾಜಧಾನಿ ಟಾಲಿನ್ನಿನವರ ಅಚ್ಚುಕಟ್ಟಾದ ರೇಡಿಯೋ ಮಾತು. ವೈಕೆಯದು ಅರ್ಧ ಅಕ್ಷರ ನುಂಗಿ, ಇನ್ನರ್ಧವನ್ನು ಎಳೆಯುವ ವೊರು ಸೀಮೆಯ ಬಾಯಿ. ತಾನು ಶುದ್ಧವಾಗಿ ಮಾತಾಡುತ್ತೇನೆ ಎಂದು ಅವಳು ಬಾಳೆಲ್ಲ ನಂಬಿಕೊಂಡು ಬಂದಿದ್ದಳು. ಊರಿನಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಿದ್ದುದರಿಂದ ಅಲ್ಲವೆನ್ನುವವರಿರಲಿಲ್ಲ. ಹುಡುಗಿ ನಕ್ಕದ್ದು ಏಕೆಂದು ಈಗ ಹೊಳೆಯಿತು. ರಕ್ತದಲ್ಲೇ ಬಂದದ್ದಂತೆ! ಬಿಸಿ ಕಾಫಿ ಕುಡಿಯುತ್ತ ಆಡಿದ ಆ ಮಾತು ನೆನಪಾಗಿ, ಒಬ್ಬಳೇ ಇದ್ದರೂ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ತನ್ನನ್ನು ತಾನು ಆಡಿಕೊಳ್ಳುವುದರಲ್ಲಿ ಪಳಗಿದವಳಿಗೂ ಆ ಹೊತ್ತು ಒಂದು ಒಳ್ಳೆಯ ಬೈಗುಳ ಸಿಗಲಿಲ್ಲ.

ತಪ್ಪೊಪ್ಪಿಕೊಳ್ಳಲು ಬರಿಗೈಲಿ ಹೋಗಬಾರದು ಎಂದು ದಾಲ್ಚಿನ್ನಿಯ ಹೆಣೆದ ಬ್ರೆಡ್ಡು ಹಿಡಿದುಕೊಂಡು ಅವಳು ಅಜ್ಜಿ-ಮೊಮ್ಮಗಳ ಮನೆಗೆ ಹೋದಳು. ಅಜ್ಜಿ ಓರಿಸಿಯಾ ಬಾಗಿಲು ತೆರೆದಳು. ಇಬ್ಬರಿಗೂ ಬರುತ್ತಿದ್ದ, ಇಬ್ಬರಿಗೂ ಬೇಡವಾಗಿದ್ದ ಭಾಷೆ ಒಂದೇ: ರಷ್ಯನ್. ವೈಕೆ ಅದನ್ನು ಬಾಲ್ಯದಲ್ಲಿ ಶಾಲೆಯಲ್ಲಿ ಬಲವಂತಕ್ಕೆ ಕಲಿತು, ಹುರುಪಿನಿಂದ ಮರೆತಿದ್ದಳು. ಈಗ ತಡಕಾಡಿ ಹುಡುಕಿದಳು.

"ಅಮ್ಮಾ, ನಾನು ಭೂಗೋಳದ ಟೀಚರ್. ಒಂದು ತಪ್ಪಾಗೋಗಿದೆ..."

"ಓ! ನಾದಿನಿ ಟೀಚರ್!" ಎಂದು ಅಜ್ಜಿ ಕೂಗಿದಳು. ಕೂಗಿದವಳೇ ಬಾಯಿಗೆ ಸೆರಗಿನಂತೆ ಅಡುಗೆ ಬಟ್ಟೆ ಒತ್ತಿಕೊಂಡು ನಗತೊಡಗಿದಳು. ಒಳಗಿನಿಂದ ಸೊಲೊಮಿಯಾ ಇಣುಕಿ, ಟೀಚರನ್ನು ಕಂಡು, ಕಿವಿಯವರೆಗೂ ಕೆಂಪಾಗಿ ಮಾಯವಾದಳು.

"ಅಲ್ಲಮ್ಮಾ, ನಗೋ ವಿಷಯ ಅಲ್ಲ. ಇಷ್ಟು ವಾರ ಮಗೂಗೆ ನಾನು ಸುಳ್ಳೇ ಕಲಿಸಿದೀನಿ."

"ಸುಳ್ಳು ಅಂತ ನಮಗೆ ಗೊತ್ತಿತ್ತು, ತಾಯಿ. ಮಾವ ಕರಗಿ ನೀರಾಗ್ತಾನಾ? ನಮ್ಮ ಮಾವ ಕಲ್ಲಿನಂಥೋನು, ಸಾಯೋವರೆಗೂ ಕರಗ್ಲಿಲ್ಲ."

"ಮತ್ತೆ ಪರೀಕ್ಷೇಲಿ ಹಂಗೇ ಬರೆದಿದಾಳಲ್ಲ!"

"ನಾನೇ ಹೇಳಿದ್ದು. ಟೀಚರ್ ಹೇಳಿದ್ದನ್ನೇ ಬರೀಬೇಕು, ಎದುರು ಆಡ್ಬಾರ್ದು ಅಂತ." ಅಜ್ಜಿ ಕುರ್ಚಿ ಎಳೆದು ಕೂರಿಸಿದಳು, ಚಹಾ ಸುರಿದಳು. "ಒಂದ್ ಮಾತು ಹೇಳ್ತೀನಿ ಕೇಳಿ. ನನಗೆ ನಿಜವಾಗ್ಲೂ ಒಬ್ಬಳು ನಾದಿನಿ ಇದಾಳೆ, ಸ್ಟೆಫಾ ಅಂತ. ಯಾವುದೋ ಹಳೇ ಜಗಳಕ್ಕೆ ಮಾತು ಬಿಟ್ಟು ಎಷ್ಟೋ ವರ್ಷ ಆಗಿತ್ತು. ಈಗ ಖಾರ್ಕಿವ್‌ನಲ್ಲಿ ಬಾಂಬ್ ಬೀಳೋ ಹೊತ್ತಿಗೆ ನೆಲಮಾಳಿಗೇಲಿ ಕೂತಿರ್ತಾಳೆ. ಫೋನ್ ಮಾಡೋಕೆ ನನಗೆ ಮನಸ್ಸು, ಆದ್ರೆ ಏನಂತ ಮಾತಾಡ್ಲಿ? ಈ ಮಗು ಬಂದು, ಅಜ್ಜೀ, ಇವತ್ತು ನಾದಿನಿ ಕೆರ ಕೊರೆದಳಂತೆ ಅಂದ್ಳು. ಆವತ್ತೇ ಫೋನ್ ಮಾಡ್ದೆ. ಸ್ಟೆಫಾ, ನೀನು ಹತ್ತು ಸಾವಿರ ವರ್ಷದಿಂದ ಹಿಂಗೇ ಅಂತೆ ಕಣೇ, ಎಸ್ಟೋನಿಯಾದಲ್ಲಿ ಪುಸ್ತಕದಲ್ಲೇ ಇದೆಯಂತೆ ಅಂದೆ. ಆ ಕಡೆಯಿಂದ ಸದ್ದೇ ಇಲ್ಲ. ಅಳ್ತಿದಾಳೆ ಅಂದ್ಕೊಂಡೆ. ನಗ್ತಿದ್ಳು."

ವೈಕೆ ಚಹಾದ ಲೋಟ ಕೆಳಗಿಟ್ಟು, ತಾನು ತಂದ ಬ್ರೆಡ್ಡನ್ನು ಅಜ್ಜಿಯತ್ತ ಸರಿಸಿದಳು.

"ಈಗ ಪಾಠ ಇರೋ ದಿನ ಅವಳೇ ಕೇಳ್ತಾಳೆ, ಇವತ್ತು ನಾನು ಏನ್ ಮಾಡ್ದೆ ಅಂತ. ನಿಮ್ಮ ಯಂತ್ರ ರಿಪೇರಿ ಮಾಡ್ಬೇಡಿ, ತಾಯಿ."

ಮನೆಗೆ ನಡೆಯುವಾಗ ವೈಕೆಗೆ ತಾನು ಅಳಬೇಕೋ ಉಬ್ಬಬೇಕೋ ತಿಳಿಯಲಿಲ್ಲ. ಇಷ್ಟು ವರ್ಷ ಶ್ರದ್ಧೆಯಿಂದ ಕಲಿಸಿದ್ದು ಯಾರನ್ನೂ ಇಷ್ಟು ದೂರ ತಲುಪಿರಲಿಲ್ಲ. ಉಚ್ಚಾರ ಕೆಟ್ಟಿದ್ದರಿಂದ ಒಂದು ನೆಲಮಾಳಿಗೆಯವರೆಗೆ ಹೋಗಿತ್ತು. ಆದರೆ ಮಗುವಿಗೆ ಭೂಗೋಳವೂ ಬರಬೇಕಲ್ಲ.

ಮರುವಾರ ಅವಳು ಯಂತ್ರವನ್ನು ಹುಡುಗಿಯ ಟ್ಯಾಬ್ಲೆಟ್ಟಿನಿಂದ ತೆಗೆದು ಗೋಡೆಯ ದೊಡ್ಡ ಪರದೆಗೆ ಹಾಕಿದಳು. "ನಾನು ಮಾತಾಡ್ತೀನಿ. ಅದು ತಪ್ಪು ಬರೀತದೆ. ತಪ್ಪು ಹಿಡ್ದು, ಸರಿಯಾದ್ದನ್ನ ನಮ್ಮ ಭಾಷೇಲಿ ಕೂಗಿದೋರಿಗೆ ಒಂದಂಕ. ನನ್ನ ನೋಡಿ ನಗೋದಕ್ಕೆ ಪರವಾನಗಿ ಇದೆ," ಎಂದಳು. ಪರವಾನಗಿ ಯಾರಿಗೂ ಬೇಕಿರಲಿಲ್ಲ. ನಾದಿನಿ ಪರದೆಗೆ ಬಂದದ್ದೇ ತಡ, ರಾನ್ನೊ ಬೆಂಚಿನಿಂದ ಜಾರಿದ. ಆ ಗದ್ದಲದ ನಡುವೆ ಕಿಟಕಿಯ ಕಡೆಯಿಂದ ಒಂದು ಸಣ್ಣ ದನಿ, "ನಾದಿನಿ ಅಲ್ಲ! ಇಮ್ನದಿ!" ಎಂದಿತು. ಸೊಲೊಮಿಯಾ ಆ ತರಗತಿಯಲ್ಲಿ ಆಡಿದ ಮೊದಲ ಎಸ್ಟೋನಿಯನ್ ವಾಕ್ಯ ಅದು.

ಆಮೇಲೆ ಅವಳನ್ನು ಹಿಡಿಯುವವರಿರಲಿಲ್ಲ. ಎಲ್ಲರಿಗಿಂತ ಮೊದಲು ಯಂತ್ರದ ಜಾಡು ಹಿಡಿದವಳು ಅವಳೇ ತಾನೆ. ತಪ್ಪು ಹಿಡಿಯಲು ಸರಿಯಾದದ್ದು ಗೊತ್ತಿರಬೇಕು, ಸರಿಯಾದದ್ದು ಗೊತ್ತಾಗಲು ಟೀಚರ ಬಾಯಿಯನ್ನೇ ನೋಡುತ್ತಿರಬೇಕು. ಚಳಿಗಾಲ ಮುಗಿಯುವ ಹೊತ್ತಿಗೆ ರಾನ್ನೊನ ಜತೆ ಅವನ ಭಾಷೆಯಲ್ಲೇ ಜಗಳವಾಡುತ್ತಿದ್ದಳು, ಗೆಲ್ಲುತ್ತಲೂ ಇದ್ದಳು. ನಾದಿನಿಯ ಹೊಸ ಸಾಹಸಗಳು ಖಾರ್ಕಿವ್‌ಗೆ ಮೊದಲಿನ ಹಾಗೆಯೇ ಹೋಗುತ್ತಿದ್ದವು.

ಟಾರ್ಟುವಿನ ಸಮ್ಮೇಳನ ಬಂತು. ವೈಕೆ ಹೊಸ ರವಿಕೆ ತೊಟ್ಟು, ನೂರಾರು ಶಿಕ್ಷಕರ ಮುಂದೆ ವೇದಿಕೆ ಹತ್ತಿದಳು. ತಪ್ಪಿನಿಂದ ಹೇಗೆ ಕಲಿಸಬಹುದು ಎಂದು ತೋರಿಸುತ್ತೇನೆ, ನೋಡುತ್ತಿರಿ ಎಂದಳು. ಆದರೆ ಅಷ್ಟು ಜನರನ್ನು ಕಂಡ ಭಯಕ್ಕೆ ಅವಳ ನಾಲಿಗೆ ತಾನಾಗಿಯೇ ಇಸ್ತ್ರಿ ಹಾಕಿಕೊಂಡುಬಿಟ್ಟಿತು. "ಹಿಮನದಿಯು ಕೆರೆಯನ್ನು ಕೊರೆಯಿತು," ಎಂದಳು, ರೇಡಿಯೋದವರ ಹಾಗೆ. ಪರದೆ ಒಂದಕ್ಷರ ತಪ್ಪದೆ ಹಾಗೆಯೇ ಬರೆಯಿತು. ಮತ್ತೆ ಹೇಳಿದಳು. ಮತ್ತೆ ಸರಿ. ಮರಳು ಮರಳಾಗಿಯೇ ತಳದಲ್ಲಿ ಕೂತಿತ್ತು. ಸಭೆ ಕಾಯಿತು. ಮುಂದಿನ ಸಾಲಿನ ಒಬ್ಬಾಕೆ ಮೃದುವಾಗಿ, "ತುಂಬಾ ಚೆನ್ನಾಗಿ ಕೆಲಸ ಮಾಡ್ತಿದೆ, ಮೇಡಂ. ತಪ್ಪು ಎಲ್ಲಿ?" ಎಂದು ಕೇಳಿದಳು.

"ತಪ್ಪು ಇಲ್ಲಿ ನಿಂತೈತೆ ಕಣಮ್ಮಾ," ಎಂದಳು ವೈಕೆ, ತನ್ನ ಎದೆ ಮುಟ್ಟಿಕೊಂಡು. ಅದನ್ನು ಕೂಡ ಹಾಳು ಯಂತ್ರ ಸರಿಯಾಗಿಯೇ ಬರೆಯಿತು. ಜನ ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ವಾಪಸು ಬರುವ ಬಸ್ಸಿನಲ್ಲಿ, ಚಾಕಲೇಟು ಮೆತ್ತಿದ ಮೊಸರಿನ ಗಟ್ಟಿಗಳನ್ನು ಒಂದಾದ ಮೇಲೊಂದು ತಿನ್ನುತ್ತ, ಊರು ಬರುವವರೆಗೂ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು.

ಶಾಲೆ ಮುಗಿಯುವ ಮುನ್ನ, ಹೊರಗಿನಿಂದ ಬಂದ ಮಕ್ಕಳ ಎಸ್ಟೋನಿಯನ್ ಪರೀಕ್ಷಿಸಲು ನಗರದಿಂದ ಒಬ್ಬಾಕೆ ಬಂದಳು. ಸೊಲೊಮಿಯಾ ಒಳಗೆ ಹೋದಳು. ವೈಕೆ ಬಾಗಿಲ ಹೊರಗೆ, ತನ್ನದೇ ಪರೀಕ್ಷೆಯೇನೋ ಎಂಬಂತೆ ಉಗುರು ಕಚ್ಚುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಪರೀಕ್ಷಕಿ ಹೊರಗೆ ಬಂದಳು. ಮುಖ ವಿಚಿತ್ರವಾಗಿತ್ತು.

"ಪಾಸು, ಬಹಳ ಚೆನ್ನಾಗಿ ಪಾಸು. ಇಷ್ಟು ಬೇಗ ಇಷ್ಟು ಸಲೀಸಾಗಿ ಮಾತಾಡೋರನ್ನ ನಾನು ನೋಡಿಲ್ಲ. ಆದ್ರೆ..." ಅವಳು ದನಿ ತಗ್ಗಿಸಿದಳು. "ಊರಿಗೆ ಹೆಂಗೆ ಬಂದೆ ಅಂತ ಕೇಳಿದ್ರೆ, 'ಬಸ್ಸಾಗೆ ಬಂದ್ವಿ ಕಣಮ್ಮಾ, ರೈಲು ತಪ್ಪೋಯ್ತು' ಅಂತಾಳೆ. ಹದಿಮೂರು ವರ್ಷದ ಹುಡುಗಿ, ಖಾರ್ಕಿವ್ ಪಟ್ಟಣದೋಳು! ಥೇಟ್ ವೊರು ಕಡೆ ಹಳ್ಳಿ ಮುದುಕಿ ಮಾತಾಡ್ದಂಗೆ. ಇವಳಿಗೆ ಭಾಷೆ ಕಲಿಸಿದ್ದು ಯಾರು ಅಂತ?"

ವೈಕೆ ಕಚ್ಚುತ್ತಿದ್ದ ಉಗುರು ಬಿಟ್ಟಳು. ಯಂತ್ರದ ಹೆಸರು ಹೇಳಬಹುದಿತ್ತು.

"ಆ ಮುದುಕಿ ನಾನೇ ಕಣಮ್ಮಾ," ಎಂದಳು.